ನಾಯಿ ಸತ್ತ ತಾರೀಖು

ತಾರೀಖಪ್ಪನಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಆಫೀಸಿನವರು ಇಟ್ಟದ್ದು. ತಕ್ಕಡಿ ತಯಾರಿಸುವ ಒಂದು ಕಂಪನಿಯಲ್ಲಿ ಅವನು ಇನ್‌ವರ್ಡ್ ಗುಮಾಸ್ತ. ಹೊರಗಿನಿಂದ ಬಂದ ಪ್ರತಿ ಕಾಗದದ ಬಲ ಮೂಲೆಯಲ್ಲಿ, ಬಂದ ತಾರೀಖಿನ ಮೊಹರು ಒತ್ತುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು. ಈ ಅನುಭವದಿಂದ ಅವನು ಕಲಿತದ್ದು ಒಂದೇ ಮಾತು: ಕಾಗದದ ಮೇಲೆ ಬರೆದ ತಾರೀಖನ್ನು ನಂಬಬಾರದು. ಜನ ಹತ್ತನೇ ತಾರೀಖು ಕೂತು ಬರೆದ ಕಾಗದಕ್ಕೆ ಎರಡನೇ ತಾರೀಖು ಹಾಕಿ, ಎಂಟು ದಿನವಾದರೂ ಉತ್ತರವಿಲ್ಲವೆಂದು ಮೂರನೇ ಸಾಲಿನಲ್ಲೇ ಬೈಯುತ್ತಾರೆ. ಹಾಗಾಗಿ ಮದುವೆಯ ಕರೆಯೋಲೆ ಬಂದರೂ ತಾರೀಖಪ್ಪ ಮೊದಲು ಲಕೋಟೆಯ ಅಂಚೆ ಮೊಹರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಆಮೇಲೆ ವಧೂವರರ ಹೆಸರು.

ಇಂಥವನು ಸುಳ್ಳು ಹೇಳಿದರೆ ಅಚ್ಚುಕಟ್ಟಾಗಿ ಹೇಳುತ್ತಾನೆಂದು ನೀವು ತಿಳಿದರೆ, ಅಡುಗೆಯವನ ಮನೆಯಲ್ಲಿ ದಿನಾ ಹಬ್ಬದೂಟವೆಂದು ನಂಬುವವರ ಸಾಲಿಗೆ ನೀವೂ ಸೇರಿದಿರಿ.

ಆ ತಿಂಗಳ ಐದನೇ ತಾರೀಖು, ಬುಧವಾರ, ನಾಲ್ಕು ಗಂಟೆಯ ಚಹಾದ ಹೊತ್ತು. ಒಂದು ವಾರದಿಂದ ಆಫೀಸಿನಲ್ಲಿ ಗುಸುಗುಸು ಇತ್ತು: ಇನ್‌ವರ್ಡ್ ಗುಮಾಸ್ತ, ಕಾಗದ ಹೊರಕ್ಕೆ ಕಳಿಸುವ ಔಟ್‌ವರ್ಡ್ ಗುಮಾಸ್ತ, ಇಬ್ಬರಲ್ಲಿ ಒಬ್ಬರನ್ನು ಊರಾಚೆಯ ಗೋದಾಮಿಗೆ ಹಾಕುತ್ತಾರಂತೆ. ಗೋದಾಮೆಂದರೆ ಎರಡು ಬಸ್ಸು, ಒಂದು ಮೈಲಿ ನಡಿಗೆ, ಕೊನೆಗೆ ತುಕ್ಕು ಹಿಡಿದ ತೂಕದ ಕಲ್ಲುಗಳ ನಡುವೆ ಒಂದು ಮುರುಕು ಸ್ಟೂಲು. ಮಾತಾಡಲು ಜನವಿಲ್ಲ. ಕಾಗದವೂ ಬರುವುದಿಲ್ಲ. ಮೊಹರಿಲ್ಲದ ಜೀವನವನ್ನು ನೆನೆದರೇ ತಾರೀಖಪ್ಪನ ಹೆಬ್ಬೆರಳು ತಣ್ಣಗಾಗುತ್ತಿತ್ತು. ಪಟ್ಟಿ ಮಾಡುವವರು ಹೊಸ ಮ್ಯಾನೇಜರ್ ಎಂದು ಸುದ್ದಿ. ಈ ಮ್ಯಾನೇಜರ್ ನಲವತ್ತು ದಾಟದ, ಮಾತಿನಲ್ಲಿ ಮೆದುವಾದ ಮನುಷ್ಯ. ಮೇಜಿನ ಮೇಲೆ ಬೂದು ನಿಲುವಂಗಿ ತೊಟ್ಟ ಒಂದು ಗೊಂಬೆ ಇಟ್ಟುಕೊಂಡಿದ್ದರು. ಅದು ಕಾರ್ಮೋಡ.

ಕಾರ್ಮೋಡನೆಂದರೆ ಸಿನಿಮಾದ ಮಹಾವೀರ. ಸಾಮಾನ್ಯ ದಿನಗಳಲ್ಲಿ ಛತ್ರಿ ರಿಪೇರಿ ಮಾಡುತ್ತಾನೆ, ಆಪತ್ತು ಬಂದಾಗ ನಿಲುವಂಗಿ ಹೊದ್ದು ಹಾರುತ್ತಾನೆ. ಅವನ ಮೇಲೆ ಹದಿನಾಲ್ಕು ಸಿನಿಮಾ ಬಂದಿವೆ. ತೊಂದರೆ ಏನೆಂದರೆ ಅವು ಕಥೆ ನಡೆದ ಕ್ರಮದಲ್ಲಿ ಬಂದಿಲ್ಲ. ಮೂರನೆಯದರಲ್ಲಿ ಅವನ ಮುಪ್ಪು, ಏಳನೆಯದರಲ್ಲಿ ಬಾಲ್ಯ. ನಾಲ್ಕನೆಯದರಲ್ಲಿ ಸತ್ತ ಅವನ ನಾಯಿ ಆರನೆಯದರಲ್ಲಿ ಬಾಗಿಲಲ್ಲಿ ಕೂತು ಬಾಲ ಆಡಿಸುತ್ತದೆ. ಬಂದ ಕ್ರಮದಲ್ಲೇ ನೋಡಬೇಕೆನ್ನುವವರು ಆಫೀಸಿನ ಕಿಟಕಿಯ ಕಡೆ ಕೂರುತ್ತಿದ್ದರು. ಕಥೆ ನಡೆದ ಕ್ರಮದಲ್ಲಿ ನೋಡಬೇಕೆನ್ನುವವರು ಬಾಗಿಲ ಕಡೆ. ಎರಡು ಕಡೆಯವರೂ ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟುವುದನ್ನು ಬಿಟ್ಟು ಹತ್ತು ದಿನವಾಗಿತ್ತು.

ಮ್ಯಾನೇಜರ್ ಚಹಾದ ಲೋಟ ಹಿಡಿದು ಬಂದು ಕೇಳಿದರು: "ನೀವು ಕಾರ್ಮೋಡ ನೋಡಿದ್ದೀರಾ?"

ತಾರೀಖಪ್ಪ ಒಂದನ್ನೂ ನೋಡಿರಲಿಲ್ಲ. ಆದರೆ ಎದುರು ಮೇಜಿನಿಂದ ಔಟ್‌ವರ್ಡ್ ಗುಮಾಸ್ತ, "ನಾನು ಐದನೇದನ್ನ ಮೊದಲ ದಿನ ಮೊದಲ ಆಟ ನೋಡಿದೋನು ಸಾರ್" ಎಂದು ಆಗಲೇ ಬಾಯಿ ಹಾಕಿದ್ದ. ಗೋದಾಮಿನ ಸ್ಟೂಲು ತಾರೀಖಪ್ಪನ ಕಣ್ಣ ಮುಂದೆ ಬಂತು.

"ನೋಡದೆ ಇರ್ತೀನಾ ಸಾರ್. ಹದಿನಾಲ್ಕೂ ನೋಡಿದ್ದೀನಿ. ಎರಡೆರಡು ಸಲ."

ಔಟ್‌ವರ್ಡ್ ಗುಮಾಸ್ತ ಲೋಟವನ್ನು ಕೆಳಗಿಟ್ಟ. "ಹೌದಾ? ಹಾಗಾದ್ರೆ ಹೇಳಿಬಿಡ್ರಿ. ನಾಯಿ ಸತ್ತಿದ್ದು ಯಾವಾಗ?"

ಎರಡು ಕಡೆಯವರೂ ತಿರುಗಿ ನೋಡಿದರು. ತಾರೀಖಪ್ಪನಿಗೆ ನಾಯಿ ಇದೆಯೆಂಬುದೇ ಆಗ ಗೊತ್ತಾದದ್ದು. ಇಕ್ಕಟ್ಟಿಗೆ ಸಿಕ್ಕಾಗ ಅವನ ಬಾಯಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ.

"ಯಾವ ತಾರೀಖು ಕೇಳ್ತಿದ್ದೀರಿ? ಸತ್ತ ತಾರೀಖೋ, ಸತ್ತ ಸುದ್ದಿ ನಮಗೆ ತಲುಪಿದ ತಾರೀಖೋ?"

ಮ್ಯಾನೇಜರ್ ಕುರ್ಚಿ ಎಳೆದು ಕೂತರು. ಕಿಟಕಿ ಕಡೆಯವನೊಬ್ಬ ಆ ಮಾತನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. ಆ ಗಳಿಗೆಯಿಂದ ತಾರೀಖಪ್ಪ ಕಾರ್ಮೋಡನ ವಿಷಯದಲ್ಲಿ ಪಂಡಿತನಾದ. ಔಟ್‌ವರ್ಡ್ ಗುಮಾಸ್ತ ಮಾತ್ರ ಲಕೋಟೆಗೆ ಅಂಟು ಹಚ್ಚುತ್ತಾ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಪಾಂಡಿತ್ಯದ ಬಗ್ಗೆ ಯಾವ ಗೌರವವೂ ಇರಲಿಲ್ಲ.

ಇನ್ನು ಹದಿನಾಲ್ಕೂ ನೋಡಿ ಮುಗಿಸದೆ ಗತ್ಯಂತರವಿಲ್ಲ. ಆದರೆ ಮನೆಯಲ್ಲಿ ನೋಡುವಂತಿಲ್ಲ. ಹೆಂಡತಿ ಧಾರಾವಾಹಿ ನೋಡುವಾಗಲೆಲ್ಲ ತಾರೀಖಪ್ಪ ಹಿಂದೆ ನಿಂತು, "ಏನು, ಸತ್ತವಳು ಮತ್ತೆ ಬಂದ್ಲಾ? ಬರ್ತಾಳೆ, ಬರ್ತಾಳೆ. ನೋಡೋರು ಇರೋ ತನಕ ಬರ್ತಾಳೆ" ಎಂದು ಹದಿನೈದು ವರ್ಷ ಕೊಂಕು ನುಡಿದಿದ್ದ. ಈಗ ಸತ್ತ ನಾಯಿ ಮತ್ತೆ ಬರುವ ಕಥೆಗೆ ಅದೇ ಟೀವಿ ಮುಂದೆ ಯಾವ ಮುಖ ಹೊತ್ತು ಕೂರುವುದು?

ಹಿಂದಿನ ರಸ್ತೆಯ ಲಾಂಡ್ರಿಯವನು ಕಾರ್ಮೋಡನ ಭಕ್ತ. ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ, ಆವಿಯ ಇಸ್ತ್ರಿಪೆಟ್ಟಿಗೆಯ ಪಕ್ಕ, ಒಂದು ಟೀವಿ ಇತ್ತು. "ಬನ್ನಿ ಅಣ್ಣಾ, ದಿನಾ ಐದೂವರೆಗೆ ಒಂದೊಂದು ಹಾಕ್ತೀನಿ" ಎಂದ. ಆದರೆ ಅವನಿಗೆ ಯಾವ ಪಕ್ಷವೂ ಇರಲಿಲ್ಲ. ಮನಸ್ಸಿಗೆ ಬಂದದ್ದನ್ನು ಹಾಕುತ್ತಿದ್ದ. ಮೊದಲ ದಿನ ಒಂಬತ್ತನೆಯದು, ಮಾರನೇ ದಿನ ಎರಡನೆಯದು. ಬಟ್ಟೆ ರಾಶಿ ಬಿದ್ದ ದಿನ ಆಟವೇ ಇಲ್ಲ. ಇನ್ನೊಂದು ತೊಂದರೆ ಅಲ್ಲಿಯ ಸೆಕೆ. ತಾರೀಖಪ್ಪ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂರುತ್ತಿದ್ದ. ಬಿಚ್ಚಿಟ್ಟ ಅಂಗಿಯನ್ನು ಸುಕ್ಕಾಗಿ ನೋಡುವುದು ಲಾಂಡ್ರಿಯವನ ಸ್ವಭಾವಕ್ಕೆ ಒಗ್ಗದು. ಹೀಗಾಗಿ ಸಿನಿಮಾ ಮುಗಿಯುವಷ್ಟರಲ್ಲಿ ಅಂಗಿ ಗರಿಗರಿಯಾಗಿರುತ್ತಿತ್ತು.

ಮನೆಯಲ್ಲಿ ಹೇಳಿದ ಕಾರಣ: ಔಟ್‌ವರ್ಡ್ ಗುಮಾಸ್ತ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಪ್ಲಾಸ್ಟರ್ ಹಾಕಿದ್ದಾರೆ, ಪಾಪ ಒಬ್ಬನೇ, ಹೋಗಿ ಕೂತು ಬರುತ್ತೇನೆ. ತನ್ನ ಮೇಲೆ ಕಣ್ಣಿಟ್ಟವನ ಕಾಲನ್ನು ಬಾಯಲ್ಲಾದರೂ ಮುರಿದದ್ದರಲ್ಲಿ ಸ್ವಲ್ಪ ಸುಖವೂ ಇತ್ತು.

ಹೆಂಡತಿ ಮೊದಲ ದಿನ ನಂಬಿದಳು. ಎರಡನೇ ದಿನ ಅಂಗಿಯ ತೋಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ರೀ, ಹೋಗುವಾಗ ಅಂಗಿ ಮುದುಡಿತ್ತು."

"ಇದ್ದಿರಬಹುದು."

"ಬರುವಾಗ ಇಸ್ತ್ರಿ ಆಗಿದೆ."

"ಬಸ್ಸಲ್ಲಿ ರಶ್ಶು. ಒತ್ತಿ ಒತ್ತಿ ಹಾಗಾಗುತ್ತೆ."

ಗಂಡ ಸಂಜೆ ಎಂಟಕ್ಕೆ ಕುಡಿದು ಬಂದರೆ ಏನು ಮಾಡಬೇಕೆಂದು ಊರಿನ ಎಲ್ಲ ಹೆಂಗಸರಿಗೂ ಗೊತ್ತು. ಇಸ್ತ್ರಿಯಾಗಿ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಅಂಗಿ ಇಸ್ತ್ರಿಯಾಗಬೇಕಾದರೆ ಅದು ಮೈಮೇಲಿಂದ ಇಳಿದಿರಲೇಬೇಕು. ಅವಳು ಅಡುಗೆಮನೆಗೆ ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲು ಒಡೆದ ದಿನ ಗುರುತು ಹಾಕುವ ಪೆನ್ಸಿಲಿನಿಂದ ಅಂದಿನ ಚೌಕದಲ್ಲಿ ಸಣ್ಣದಾಗಿ "ಇಸ್ತ್ರಿ" ಎಂದು ಬರೆದಳು.

ಎದುರು ಮನೆಯ ಟೀಸಿ ಯಜಮಾನರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಾ ಮೂವತ್ತು ವರ್ಷ ಕಳೆದವರು. ನಿವೃತ್ತರಾದ ಮೇಲೆ ಅವರಿಗೆ ಇಡೀ ಬೀದಿಯೇ ಒಂದು ಬೋಗಿಯಾಗಿತ್ತು. ಒಂದು ದಿನ ಅವರು ಮೆಟ್ಟಿಲ ಬಳಿ ತಾರೀಖಪ್ಪನ ಹೆಂಡತಿಯನ್ನು ನಿಲ್ಲಿಸಿದರು.

"ನಾನು ಯಾರ ವಿಷಯಕ್ಕೂ ಹೋಗೋನಲ್ಲಮ್ಮಾ. ಆದ್ರೆ ನಿಮ್ಮ ಯಜಮಾನರು ದಿನಾ ಐದೂವರೆಗೆ ಹಿಂದಿನ ಓಣಿಗೆ ತಿರುಗ್ತಾರೆ. ಎಂಟಕ್ಕೆ ಹೊರಗೆ ಬರ್ತಾರೆ. ಬಸ್ ಸ್ಟಾಪು ಆ ಕಡೆ ಇಲ್ಲ."

"ಓಣೀಲಿ ಏನಿದೆ?"

"ಲಾಂಡ್ರಿಯ ಹಿಂಬಾಗಿಲು ಇದೆ. ಆದ್ರೆ ಕೈಯಲ್ಲಿ ಬಟ್ಟೆ ಗಂಟು ಇರಲ್ಲ. ಅದರ ಪಕ್ಕ ಬ್ಯೂಟಿ ಪಾರ್ಲರ್ ಇದೆ." ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಅವರ ತಲೇಲಿ ಕೂದಲಿಲ್ಲ. ನಾನು ಎರಡು ದಿನ ಯೋಚನೆ ಮಾಡ್ದೆ. ಕೂದಲಿಲ್ಲದ ಗಂಡಸಿಗೆ ಅಲ್ಲೇನು ಕೆಲಸ? ಇದು ಟಿಕೆಟ್ ಇಲ್ಲದ ಪ್ರಯಾಣ."

ಹೆಂಡತಿ ಆವತ್ತಿನಿಂದ ಒಂದೊಂದೇ ಪ್ರಶ್ನೆ ಕೇಳತೊಡಗಿದಳು, ಅದೂ ಪಾತ್ರೆ ಒರೆಸುತ್ತಾ, ಏನೂ ಬೇಕಿಲ್ಲದವಳ ಹಾಗೆ. ಯಾವ ಕಾಲು ಎಂದು ಮೊದಲ ದಿನ, ಆರನೇ ತಾರೀಖು, ಕನಿಕರದಿಂದ ಕೇಳಿದ್ದಾಗ ತಾರೀಖಪ್ಪ ಎಡಗಾಲು ಎಂದಿದ್ದ. ಹದಿನಾಲ್ಕಕ್ಕೆ "ಯಾವ ಕಾಲು ಅಂದ್ರಿ?" ಎಂದು ಮತ್ತೆ ಕೇಳಿದಾಗ ತಲೆಯಲ್ಲಿ ಕಾರ್ಮೋಡನ ಬಲಗಾಲಿಗೆ ಬಿದ್ದ ಸಿಡಿಲಿತ್ತು, ಹಾಗಾಗಿ ಬಲಗಾಲು ಎಂದ. ಹದಿನೆಂಟರಂದು, ತಡವಾದದ್ದೇಕೆ ಎಂದರೆ, ಗೆಳೆಯ ಎರಡನೇ ಮಹಡಿಯಿಂದ ಇಳಿದು ಬಸ್ ಸ್ಟಾಪಿನ ತನಕ ಬಂದು ಬೀಳ್ಕೊಟ್ಟನೆಂದ. ಅವಳು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ತಾರೀಖಪ್ಪ ಮಂಚದ ಮೇಲೆ ಉರುಳಿ ನಿದ್ದೆ ಹೋಗಿಬಿಡುತ್ತಿದ್ದ. ಅದು ನಿದ್ದೆಯಲ್ಲವೆಂದು ಅವಳಿಗೆ ಮದುವೆಯಾದ ಮೊದಲ ವರ್ಷದಿಂದ ಗೊತ್ತು. ಕಳ್ಳನಿದ್ದೆಯಲ್ಲಿ ಅವನ ಬಲಗಾಲ ಹೆಬ್ಬೆರಳು ತಾನಾಗಿ ಅಲುಗುತ್ತಿತ್ತು.

ಇಷ್ಟಾದರೂ ಅವಳು ಸುಮ್ಮನಿರುತ್ತಿದ್ದಳೋ ಏನೋ. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ನೋಡಿದ ಸಿನಿಮಾಗಳನ್ನು ತಾರೀಖಪ್ಪ ತನ್ನ ಇನ್‌ವರ್ಡ್ ಪುಸ್ತಕದ ಪದ್ಧತಿಯಲ್ಲೇ ಗುರುತು ಹಾಕಿಕೊಂಡಿದ್ದ. ಚೀಟಿಯಲ್ಲಿ ಗಂಡನ ದುಂಡು ಅಕ್ಷರದಲ್ಲಿ ಹೀಗಿತ್ತು: "ಮದುವೆ ಮೊದಲೋ, ಮಗು ಮೊದಲೋ? ವಿಚಾರಿಸಬೇಕು. ಹೆಂಡತಿಗೆ ಇನ್ನೂ ಗೊತ್ತಿಲ್ಲ."

ಅವಳು ಚೀಟಿಯನ್ನು ಎರಡು ಸಲ ಓದಿ, ಮಡಚಿ, ಗುಂಡುಪಿನ್ನಿನಿಂದ ಕ್ಯಾಲೆಂಡರಿಗೆ ಚುಚ್ಚಿದಳು. ಆಮೇಲೆ ಹೊಸ ಪೆನ್ಸಿಲು ಹೆರೆದಳು.

ಆಫೀಸಿನಲ್ಲೂ ತಾರೀಖಪ್ಪನಿಗೆ ನೆಮ್ಮದಿ ಇರಲಿಲ್ಲ. ಕಿಟಕಿ ಕಡೆಯವರು ಅವನಿಗೆ ಬಾಗಿಲ ಕಡೆಯವರು ಬಿಸ್ಕತ್ತು ಕೊಟ್ಟರೆಂದು ಅನುಮಾನಪಟ್ಟರು. ಬಾಗಿಲ ಕಡೆಯವರು ಆ ಬಿಸ್ಕತ್ತನ್ನು ಅವನು ತಿನ್ನದೆ ಡ್ರಾಯರಿನಲ್ಲಿಟ್ಟದ್ದೇಕೆಂದು ಅನುಮಾನಪಟ್ಟರು. ಪಂಡಿತನಾದ ದಿನದಿಂದಲೇ ಸಂಜೆ ಐದಕ್ಕೆ ಎದ್ದು ಓಡುವ ಆತುರದಲ್ಲಿ ಅವನ ಟ್ರೇಯಲ್ಲಿ ಲಕೋಟೆಗಳು ರಾಶಿ ಬಿದ್ದವು. ಇಪ್ಪತ್ತಾರು ವರ್ಷದಲ್ಲಿ ಆ ಟ್ರೇಯ ತಳ ಕಾಣದೆ ಮನೆಗೆ ಹೋದವನಲ್ಲ. ಔಟ್‌ವರ್ಡ್ ಗುಮಾಸ್ತ ರಾಶಿಯನ್ನೂ ನೋಡಿದ, ಗಡಿಯಾರವನ್ನೂ ನೋಡಿದ. ಮ್ಯಾನೇಜರ ಕೋಣೆಗೆ ಹೋದ.

"ಸಾರ್, ಈ ಜಗಳ ಹೀಗೇ ಬಿಟ್ರೆ ತಿಂಗಳ ಕೊನೆಗೆ ಒಂದು ಫೈಲೂ ಮುಂದೆ ಹೋಗಲ್ಲ. ಭಾನುವಾರ ಅವರ ಮನೆಗೇ ಹೋಗಿ ತೀರ್ಪು ಕೇಳಿಬಿಡೋಣ. ಹೇಳದೇ ಹೋಗೋಣ. ಪಂಡಿತರಿಗೆ ತಯಾರಿ ಯಾಕೆ ಬೇಕು?"

ಇಪ್ಪತ್ತಮೂರು, ಭಾನುವಾರ, ಬೆಳಗ್ಗೆ ಹನ್ನೊಂದು. ಇನ್ನು ಮೂರೇ ಸಿನಿಮಾ ಬಾಕಿ. ತಾರೀಖಪ್ಪ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಾ ಹೆಂಡತಿಗೆ ಹೇಳುತ್ತಿದ್ದ: "ಇವತ್ತು ಅವನ ಪ್ಲಾಸ್ಟರ್ ಬಿಚ್ತಾರೆ ಕಣೇ. ಪಾಪ, ಹಿಡ್ಕೊಳ್ಳೋಕೆ ಒಬ್ರು ಬೇಕು. ನಡೆಯೋಕೆ ಇನ್ನೂ ಒಂದು ತಿಂಗಳಾಗುತ್ತೆ ಅಂದಿದ್ದಾರೆ ಡಾಕ್ಟರು."

ಕರೆಗಂಟೆ ಸದ್ದಾಯಿತು. ಹೆಂಡತಿ ಬಾಗಿಲು ತೆಗೆದಳು. ಔಟ್‌ವರ್ಡ್ ಗುಮಾಸ್ತ ಎರಡೂ ಕಾಲಿನ ಮೇಲೆ ಭದ್ರವಾಗಿ ನಿಂತಿದ್ದ. ಹಿಂದೆ ಮ್ಯಾನೇಜರ್. ಅವರ ಹಿಂದೆ, ಎರಡು ಅಡಿ ಅಂತರ ಬಿಟ್ಟು, ಕಿಟಕಿ ಕಡೆಯವನೊಬ್ಬ, ಬಾಗಿಲ ಕಡೆಯವನೊಬ್ಬ. ಎಲ್ಲರ ಹಿಂದೆ ಟೀಸಿ ಯಜಮಾನರು, ಕೈಯಲ್ಲಿ ನೆಪಕ್ಕೊಂದು ಖಾಲಿ ಬಟ್ಟಲು.

ಹೆಂಡತಿ ಬಂದವನ ಮುಖ ನೋಡಲಿಲ್ಲ. ನೇರ ಕಾಲು ನೋಡಿದಳು. ಎಡಗಾಲು ನೋಡಿದಳು, ಆಮೇಲೆ ಬಲಗಾಲು.

"ಎರಡೂ ಚೆನ್ನಾಗಿವೆ" ಎಂದಳು.

"ಏನು ತಾಯೀ?" ಎಂದ ಅವನು.

"ಒಳಗೆ ಬನ್ನಿ. ನಡ್ಕೊಂಡು ಬನ್ನಿ, ನೋಡೋಣ."

ಎಲ್ಲರೂ ಕೂತರು. ತಾರೀಖಪ್ಪ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಮಂಚ ಹತ್ತಿರವೇ ಇತ್ತು. ಆದರೆ ಐದು ಜನ ಅತಿಥಿಗಳ ಎದುರು ಹಗಲು ಹನ್ನೊಂದಕ್ಕೆ ನಿದ್ದೆ ಹೋಗುವುದು ಅವನಿಗೂ ಅತಿಯೆನಿಸಿತು.

ಮ್ಯಾನೇಜರ್ ವಿನಯದಿಂದ ಶುರು ಮಾಡಿದರು. "ಕಾರ್ಮೋಡನ ಕ್ರಮ ಸಂಬಂಧವಾಗಿ ನಿಮ್ಮ ಯಜಮಾನರ ತೀರ್ಪು ಕೇಳೋಕೆ ಬಂದ್ವಿ. ಹದಿನಾಲ್ಕನ್ನೂ ಎರಡೆರಡು ಸಲ ನೋಡಿದ ಮನುಷ್ಯ ನಮ್ಮ ಆಫೀಸಲ್ಲಿ ಅವರೊಬ್ರೇ."

"ಎಲ್ಲಿ ನೋಡಿದ್ರಂತೆ?"

"ಮನೇಲಿ, ಅಂತ ಹೇಳಿದ್ರು."

ಹೆಂಡತಿ ಒಳಗೆ ಹೋದಳು. ಮೊಳೆಯಿಂದ ಕ್ಯಾಲೆಂಡರು ಬಿಚ್ಚುವ ಸದ್ದು ಕೇಳಿಸಿತು. ತಂದು ಮೇಜಿನ ಮೇಲೆ ಹರಡಿದಳು. ಟೀಸಿ ಯಜಮಾನರು ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು.

"ಇಲ್ಲಿ ನೋಡಿ. ಆರು, ಎಡಗಾಲು. ಹದಿನಾಲ್ಕು, ಬಲಗಾಲು. ಹದಿನೆಂಟು, ಮುರಿದ ಕಾಲಲ್ಲಿ ಎರಡು ಮಹಡಿ ಇಳಿದದ್ದು. ಇವತ್ತು, ಇನ್ನೂ ಒಂದು ತಿಂಗಳು ನಡೆಯೋ ಹಾಗಿಲ್ಲ. ಇವೆಲ್ಲ ಈ ಅಣ್ಣನ ಕಾಲುಗಳು. ಇನ್ನು ಇಲ್ಲಿ, ಏಳು, ಎಂಟು, ಹತ್ತು, ಮುಂದೆಯೂ ಅಲ್ಲಲ್ಲಿ, ಇಸ್ತ್ರಿ, ಇಸ್ತ್ರಿ, ಇಸ್ತ್ರಿ." ಅವಳು ಗುಂಡುಪಿನ್ನು ಕಿತ್ತು ಚೀಟಿ ಬಿಡಿಸಿದಳು. "ಕೊನೇದು ಇದು. ಮಗು ಯಾರದು?"

ಕಿಟಕಿ ಕಡೆಯವನು ಚೀಟಿ ಓದಿದ. "ಹನ್ನೆರಡನೇ ಸಿನಿಮಾದ್ದು" ಎಂದ.

"ನಡೆದ ಕ್ರಮದಲ್ಲಿ ಎಂಟನೇದು" ಎಂದ ಬಾಗಿಲ ಕಡೆಯವನು.

"ಹೆಂಡತಿಗೆ ಇನ್ನೂ ಗೊತ್ತಿಲ್ಲ ಅಂದ್ರೆ?"

"ಕಾರ್ಮೋಡನ ಹೆಂಡತಿಗೆ ಅಮ್ಮಾ."

ಹೆಂಡತಿ ಹದಿನೇಳು ದಿನಗಳಿಂದ ಹಿಡಿದಿದ್ದ ಉಸಿರನ್ನು ಆಗ ಬಿಟ್ಟಳು. ಆದರೆ ದನಿಯಲ್ಲಿ ಅದನ್ನು ತೋರಗೊಡಲಿಲ್ಲ. "ರೀ, ಇಸ್ತ್ರಿ?"

"ಲಾಂಡ್ರಿಯವನ ಹಿಂದಿನ ಕೋಣೇಲಿ ನೋಡ್ತಿದ್ದೆ" ಎಂದ ತಾರೀಖಪ್ಪ, ಕೈಯಲ್ಲಿದ್ದ ಚಪ್ಪಲಿಗೆ. "ಸೆಕೆ. ಅಂಗಿ ಬಿಚ್ಚಿದ್ರೆ ಅವನು ಸುಮ್ನೆ ಇರಲ್ಲ. ಹನ್ನೊಂದು ಮುಗಿದಿವೆ. ಮೂರು ಬಾಕಿ. ಗೋದಾಮಿಗೆ ಹಾಕ್ತಾರೆ ಅಂತ ಹೆದರಿ ನೋಡಿದ್ದೀನಿ ಅಂದುಬಿಟ್ಟೆ. ನಿನ್ನ ಧಾರಾವಾಹಿಗೆ ಅಷ್ಟು ಮಾತಾಡಿ, ಇಲ್ಲಿ ಕೂತು ನೋಡೋಕೆ ನಾಚಿಕೆ ಆಯ್ತು."

"ಹಾಗಾದರೆ ಪಾರ್ಲರ್ ಅಲ್ಲ" ಎಂದರು ಟೀಸಿ ಯಜಮಾನರು, ಸ್ವಲ್ಪ ನಿರಾಸೆಯಿಂದ.

ಔಟ್‌ವರ್ಡ್ ಗುಮಾಸ್ತ ತೊಡೆ ತಟ್ಟಿದ. "ನಾನು ಅವತ್ತೇ ಅಂದ್ಕೊಂಡೆ ಸಾರ್. ಮೊದಲ ದಿನ ಮೊದಲ ಆಟ ನೋಡಿದೋರ ಎದುರು ಇಂಥ ನಾಟಕ ನಡೆಯಲ್ಲ."

"ನೀವು ನೋಡಿದ್ದು ಯಾವಾಗ ಅಣ್ಣಾ?" ಎಂದಳು ಹೆಂಡತಿ.

"ಐದನೇದು ಬಿಡುಗಡೆ ಆದ ದಿನವೇ."

"ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಹದಿನೇಳು" ಎಂದರು ಮ್ಯಾನೇಜರ್. ಭಕ್ತರಿಗೆ ಇಂಥದ್ದು ಬಾಯಿಪಾಠ.

ಹೆಂಡತಿ ಮಂಚದ ಹಾಸಿಗೆ ಎತ್ತಿದಳು. ಕೆಳಗೆ ಹನ್ನೊಂದು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ಮಲಗಿದ್ದವು. ಇಷ್ಟು ವರ್ಷ ಕಳ್ಳನಿದ್ದೆ ಮಾಡಿದ್ದು ಇವುಗಳ ಮೇಲೆಯೇ ಎಂದು ತಾರೀಖಪ್ಪನಿಗೆ ಆಗ ತಿಳಿಯಿತು. ಅವಳು ಒಂದನ್ನು ಎಳೆದು ಬೆರಳಿಟ್ಟಳು.

"ಹದಿನೇಳು, ರಜಾ ದಿನ. ಔಟ್‌ವರ್ಡಿನವರು ಬೆಳಗ್ಗೆ ಒಂಬತ್ತಕ್ಕೇ ಬಂದ್ರು. ಊಟ. ಆಮೇಲೆ ಇದೇ ಮಂಚದ ಮೇಲೆ ಸಂಜೆ ಆರರ ತನಕ ಅವರ ಗೊರಕೆ. ದಿಂಬಿನ ಕವರ್ ಒಗೆಯೋಕೆ ಹಾಕಿದ್ದು."

ಔಟ್‌ವರ್ಡ್ ಗುಮಾಸ್ತ ತೊಡೆಯ ಮೇಲಿಂದ ಕೈ ತೆಗೆದ. "ಪುಸ್ತಕದ ಅಂಗಡೀಲಿ ಕಥೆಯ ಸಾರಾಂಶ ಸಿಗುತ್ತೆ" ಎಂದ.

ಮ್ಯಾನೇಜರ್ ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. ಗುಮಾಸ್ತರಿಬ್ಬರನ್ನೂ ಅವರು ಮರೆತಂತಿತ್ತು. "ಅಮ್ಮಾ, ನೀವೇ ಹೇಳಿ. ಬಂದ ಕ್ರಮದಲ್ಲಿ ನೋಡ್ಬೇಕೋ, ನಡೆದ ಕ್ರಮದಲ್ಲೋ?"

"ನನಗೆ ಸಿನಿಮಾ ಗೊತ್ತಿಲ್ಲ. ಇವರು ಗೊತ್ತು" ಎಂದಳು ಅವಳು. "ಇವರು ಹೇಳಿದ್ದನ್ನ ಹೇಳಿದ ಕ್ರಮದಲ್ಲೇ ಕೇಳ್ದೆ. ಹಾಗೆ ಕೇಳಿದ್ರೇನೇ ರುಚಿ. ನಾಳೆ ಯಾವ ಕಾಲು ಮುರೀತಾರೋ ಅಂತ ಕಾಯೋ ಹಾಗಾಗುತ್ತೆ. ಆದ್ರೆ ಎಲ್ಲಿ ಎಡವಿದ್ರು ಅಂತ ಹಿಡೀಬೇಕಾದ್ರೆ ಅದು ಸಾಲದು. ನಡೀತು ಅಂದ ಕ್ರಮದಲ್ಲಿ ಸಾಲಾಗಿ ಜೋಡಿಸಿ ಇನ್ನೊಂದು ಸಲ ನೋಡ್ಬೇಕು. ಮೊದಲನೇ ಸಲ ಸುಖಕ್ಕೆ, ಎರಡನೇ ಸಲ ಅನುಮಾನಕ್ಕೆ."

ಕಿಟಕಿ ಕಡೆಯವನು ಬಾಗಿಲ ಕಡೆಯವನನ್ನು ನೋಡಿದ. ಇಪ್ಪತ್ತೆಂಟು ದಿನದಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

"ಹಾಗಾದ್ರೆ ನಾಯಿ?" ಎಂದರು ಮ್ಯಾನೇಜರ್.

"ನೋಡದೆ ಹೇಗೆ ಹೇಳ್ಲಿ? ನಾನು ಇವರ ಹಾಗಲ್ಲ." ಅವಳು ಅವರ ಕಡೆ ತಿರುಗಿದಳು. "ಸಾರ್, ನೀವು ಹದಿನಾಲ್ಕೂ ನೋಡಿದ್ದೀರಲ್ಲ?"

ಅದನ್ನು ಅವಳು ಉಪಚಾರಕ್ಕೆ ಕೇಳಿದಳು. ಆದರೆ ಪೆನ್ಸಿಲು ಇನ್ನೂ ಕೈಯಲ್ಲೇ ಇತ್ತು. ಮ್ಯಾನೇಜರ್ ಪೆನ್ಸಿಲನ್ನು ನೋಡಿದರು, ಹಾಸಿಗೆಯನ್ನು ನೋಡಿದರು.

"ಹದಿಮೂರು" ಎಂದರು. "ಹತ್ತನೇದರ ನಡುವೆ ನಿದ್ದೆ ಬಂತು." ಎದ್ದು ನಿಂತು, ತುರ್ತು ಕೆಲಸವಿದೆಯೆಂದು ಹೊರಟೇಬಿಟ್ಟರು. ಗೋದಾಮಿನ ವಿಷಯ ಯಾರೂ ಎತ್ತಲಿಲ್ಲ. ಎತ್ತದೇ ಇದ್ದದ್ದೇ ತಾರೀಖಪ್ಪನಿಗೆ ದೊಡ್ಡ ಭಯವಾಯಿತು.

ಸೋಮವಾರ ಅವನು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದ. ಗೋದಾಮಿಗೆ ಹೋಗುವುದೇ ಆದರೆ ಟ್ರೇ ಖಾಲಿ ಮಾಡಿಯೇ ಹೋಗಬೇಕು. ಒಂದೊಂದೇ ಲಕೋಟೆ ಬಿಡಿಸಿ ಮೊಹರು ಒತ್ತುತ್ತಾ ಬಂದ. ರಾಶಿಯ ತಳದಲ್ಲಿ ಪ್ರಧಾನ ಕಚೇರಿಯ ಕಂದು ಲಕೋಟೆ ಇತ್ತು. ಅಭ್ಯಾಸಬಲದಿಂದ ಮೊದಲು ಈ ಊರಿನ ಅಂಚೆ ಕಚೇರಿಗೆ ತಲುಪಿದ ಮೊಹರು ನೋಡಿದ: ಇದೇ ತಿಂಗಳ ಐದು. ಒಳಗಿನ ಕಾಗದದ ಮೇಲೆ ಬರೆದ ತಾರೀಖು: ಮೂರು. ಗೋದಾಮಿನ ಚಾವಣಿ ಶಿಥಿಲವಾಗಿರುವುದರಿಂದ ಅಲ್ಲಿಗೆ ಯಾರನ್ನೂ ಕಳಿಸತಕ್ಕದ್ದಲ್ಲ, ಇನ್‌ವರ್ಡ್ ಮತ್ತು ಔಟ್‌ವರ್ಡ್ ಗುಮಾಸ್ತರು ಇರುವಲ್ಲೇ ಮುಂದುವರಿಯತಕ್ಕದ್ದು.

ಐದು ಬುಧವಾರ. ಚಹಾದ ಹೊತ್ತಿನಲ್ಲಿ ನಾಯಿಯ ಪ್ರಶ್ನೆ ಎದ್ದಾಗ ಈ ಕಾಗದ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಬಿದ್ದುಕೊಂಡಿತ್ತು.

ತಾರೀಖಪ್ಪ ಮೊಹರು ಕೈಗೆತ್ತಿಕೊಂಡ. ಮೊಹರಿನ ಪಕ್ಕದಲ್ಲಿ ತಾರೀಖು ತಿರುಗಿಸುವ ಪುಟ್ಟ ಚಕ್ರ. ಹತ್ತೊಂಬತ್ತು ದಿನ ಹಿಂದಕ್ಕೆ ತಿರುಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತಾರು ವರ್ಷ ಪರರ ತಾರೀಖನ್ನು ಶಂಕಿಸಿದ ಹೆಬ್ಬೆರಳು ಚಕ್ರದ ಮೇಲೆ ಕೂತಿತು, ಒಂದು ಹಲ್ಲು ತಿರುಗಿಸಿತು. ಅಷ್ಟರಲ್ಲಿ ಅಡುಗೆಮನೆಯ ಗೋಡೆ, ಹೆರೆದ ಪೆನ್ಸಿಲು, ಇಂದಿನ ಖಾಲಿ ಚೌಕ ನೆನಪಾದವು. ಚಕ್ರವನ್ನು ಮರಳಿ ತಿರುಗಿಸಿ ಇಪ್ಪತ್ತನಾಲ್ಕು ಒತ್ತಿದ. ಕೆಳಗೆ ದುಂಡಗೆ ಬರೆದ: "ತಲುಪಿದ್ದು ಐದಕ್ಕೆ. ಗುಮಾಸ್ತನ ಕಣ್ಣಿಗೆ ಬಿದ್ದದ್ದು ಇಂದು."

ಮ್ಯಾನೇಜರ್ ಓದಿದರು. ಅವರಿಗೂ ಲೆಕ್ಕ ಹೊಳೆಯಿತು.

"ಐದು ಅಂದ್ರೆ ನಾಯಿ ವಿಷಯ ಬಂದ ದಿನ ಅಲ್ವಾ?"

"ಹೌದು ಸಾರ್."

"ಇದನ್ನ ಮನೇಲಿ ಹೇಳ್ಬೇಡಿ."

"ನಾನು ಹೇಳಲ್ಲ ಸಾರ್. ಆದ್ರೆ ಗೊತ್ತಾಗುತ್ತೆ."

ಅಂದು ಟ್ರೇಯ ತಳ ನೋಡಿಯೇ ಎದ್ದು, ಲಾಂಡ್ರಿಯಿಂದ ಮೊದಲನೇ ಸಿನಿಮಾದಿಂದ ಹಿಡಿದು ಎಲ್ಲದರ ಡಿಸ್ಕುಗಳನ್ನೂ ಕೇಳಿ ತಂದು, ತಾರೀಖಪ್ಪ ಸುಕ್ಕು ಅಂಗಿಯಲ್ಲೇ ಮನೆ ಸೇರಿದ. ಹೆಂಡತಿ ತೋಳು ಮುಟ್ಟಿ ನೋಡಿ ತೃಪ್ತಳಾದಳು. ಅಂದಿನಿಂದ ದಿನಕ್ಕೊಂದರಂತೆ, ಬಂದ ಕ್ರಮದಲ್ಲಿ, ಇಬ್ಬರೂ ಟೀವಿ ಮುಂದೆ ಕೂತರು. ಟೀಸಿ ಯಜಮಾನರು ಕಿಟಕಿಯಾಚೆಯಿಂದ ಟಿಕೆಟ್ಟಿಲ್ಲದೆ ನೋಡಿದರು.

ನಾಲ್ಕನೇ ದಿನ ನಾಯಿ ಸತ್ತಿತು. ಕಾರ್ಮೋಡ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತ. ಇದನ್ನು ಆಗಲೇ ಒಮ್ಮೆ ನೋಡಿದ್ದರೂ ತಾರೀಖಪ್ಪನ ಕಣ್ಣು ಒದ್ದೆಯಾಯಿತು. ಹೆಂಡತಿ ಅಳಲಿಲ್ಲ. ಎದ್ದು ಟೀವಿಯ ಹತ್ತಿರ ಹೋಗಿ, ನಾಯಿಯ ಮುಖ ಬಿಟ್ಟು ಹಿಂಭಾಗ ನೋಡಿದಳು.

"ಇದು ಸತ್ತಿಲ್ಲ ರೀ" ಎಂದಳು.

"ಉಸಿರು ನಿಂತಿದೆಯಲ್ಲೇ."

"ಬಾಲದ ತುದಿ ನೋಡಿ. ಅಲುಗ್ತಾ ಇದೆ. ಯಾರೋ ಏನೋ ಕೇಳಿದ್ದಾರೆ, ಅದಕ್ಕೆ ಮಲಗಿಬಿಟ್ಟಿದೆ."

ತಾರೀಖಪ್ಪ ಸದ್ದಿಲ್ಲದೆ ಬಲಗಾಲನ್ನು ಹೊದಿಕೆಯೊಳಗೆ ಎಳೆದುಕೊಂಡ.